ಹತ್ತನೆಯವನು

ಭಾನುವಾರ, ನವೆಂಬರ್ ೧೬. ಡೈರಿ ಬರೆಯುವ ಶಕ್ತಿಯಿಲ್ಲ, ಫೋನಿಗೇ ಹೇಳುತ್ತಿದ್ದೇನೆ. ಅಪ್ಪ ಯಹೂದಿ, ಅಮ್ಮ ಹೊಂಗನೂರಿನ ಹಿಂದೂ ಮನೆಯವಳು. ತೀರಿಹೋದ ಅಪ್ಪನ ವರ್ಷದ ಪ್ರಾರ್ಥನೆಗೆಂದು ಬೆಂಗಳೂರಿಗೆ ಹೋಗಿದ್ದೆ. ಅದಕ್ಕೆ ಹತ್ತು ಯಹೂದಿ ಗಂಡಸರು ಬೇಕು. ನಾನೂ ಸೇರಿ ಸರಿಯಾಗಿ ಹತ್ತು ಜನ ಇದ್ದೆವು. ಹಿರಿಯರೊಬ್ಬರು ಒಂಬತ್ತೇ ಎಣಿಸಿದರು.

"ನಿಮ್ಮ ತಾಯಿ ಯಹೂದಿ ಅಲ್ವಲ್ಲ. ಮೊದಲು ನೀವು ಮತಾಂತರ ಆಗಿ."

ಯಹೂದಿಗಳಲ್ಲೇ ಉದಾರ ಪಂಥದವರಿಗೆ ಅಪ್ಪನ ಕಡೆಯಿಂದ ಬಂದರೂ ಸಾಕಂತೆ. ಇವರಿಗೆ ಸಾಲದು, ತಾಯಿಯೇ ಯಹೂದಿಯಾಗಿರಬೇಕು. ಹಾಗಾದರೆ ಐವತ್ತು ವರ್ಷ ನಾನು ಯಾರಾಗಿದ್ದೆ? ಪ್ರಾರ್ಥನೆ ನಡೆಯಲೇ ಇಲ್ಲ.

ಅಪ್ಪ ಹೋದಮೇಲೂ ಯಹೂದಿಗಳು ಶುಕ್ರವಾರ ಸಂಜೆ ಹಚ್ಚುವ ಎರಡು ಮೇಣದಬತ್ತಿ ತಪ್ಪಿಸದ ಅಮ್ಮ, ಮನೆಬಾಗಿಲಲ್ಲೇ ಕಾದಿದ್ದಳು.

"ನಿಮ್ಮಪ್ಪಂಗೆ ಅತ್ ಜನ ಸಿಕ್ಕಿದ್ರೇನ್ಲಾ ಮಗಾ?"

"ಸಿಕ್ಕಿದ್ರಮ್ಮ."

"ಸಿಗ್ದೆ ಏನು? ಒಬ್ಬ ಕಮ್ಮಿ ಬಿದ್ರೂ ನೀನಿದ್ದೀಯಲ್ಲ, ಅವ್ರ ಮಗ."

ಮತಾಂತರವಾದರೆ ಮುಂದಿನ ವರ್ಷ ಪ್ರಾರ್ಥನೆ ಆಗುತ್ತದೆ. ಆದರೆ ಯಾಕಪ್ಪಾ ಎಂದು ಇವಳು ಕೇಳಿದರೆ, ನೀನು ಯಹೂದಿ ಅಲ್ಲದ್ದಕ್ಕೆ ಎಂದು ನಾನು...