ಬೋನ್ ಲಾಸ್

ಹಾಂ, ಆ ಸ್ಕ್ಯಾನಿನ ವಿಷಯ ನಿನ್ನೆ ಬರೆಯುತ್ತಾ ಅರ್ಧಕ್ಕೇ ಬಿಟ್ಟಿದ್ದೆನಲ್ಲ ಕಣೇ, ಇವತ್ತು ಹೋಗಿಬಂದೆ. ಸಿಟಿ ಯಂತ್ರದ ದೊಡ್ಡ ಬಳೆಯೊಳಗೆ ನನ್ನನ್ನು ಮಲಗಿಸಿ ತಳ್ಳಿದರು. ಆಮೇಲೆ ಡಾಕ್ಟರಮ್ಮ ಪರದೆಯ ಮೇಲೆ ನನ್ನ ಬೆನ್ನುಮೂಳೆ ತೋರಿಸಿ, "ಬೋನ್ ಲಾಸ್ ತುಂಬಾ ಇದೆ ತಾತ" ಎಂದರು. ನನ್ನ ಕಾಲೇಜು ಇಂಗ್ಲಿಷಿಗೆ ಅದು ಬೋನ್‌ಲೆಸ್ ಎಂದು ಕೇಳಿಸಿತು.

"ಮೂಳೆನೇ ಇಲ್ವೇನಮ್ಮಾ?"

"ಇದೆ ತಾತ, ಒಳಗೆ ಟೊಳ್ಳಾಗಿದೆ. ಬೀಳ್ಬೇಡಿ, ಅಷ್ಟೇ" ಎಂದು ನಕ್ಕರು. ನಾನೂ ನಕ್ಕೆ.

ಮನೆಗೆ ಬಂದು ಕೂತವನು ಇನ್ನೂ ಎದ್ದಿಲ್ಲ. ನೀನು ಬಿದ್ದದ್ದೂ ಒಂದೇ ಸಲ, ಬಚ್ಚಲಲ್ಲಿ; ಮತ್ತೆ ಏಳಲೇ ಇಲ್ಲ. ಅದಕ್ಕೂ ಮೊದಲು ನೀನು ಬೆನ್ನುನೋವು ಅನ್ನುತ್ತಿದ್ದೆ. ನಾನು ಮುಲಾಮು ತಂದುಕೊಟ್ಟಿದ್ದೆ.

ಬೆಳಕು ಹೋಗುತ್ತಿದೆ ಕಣೇ, ಅಕ್ಷರ ಕಾಣುತ್ತಿಲ್ಲ. ದೀಪದ ಸ್ವಿಚ್ ಆಚೆ ಗೋಡೆಯಲ್ಲಿದೆ, ಬಚ್ಚಲಿನ ಬಾಗಿಲ ಪಕ್ಕ.