ಒಂದೇ ಅಕ್ಷರದ ಹೆಸರು

ಜನ್ನಾಪುರ, ಭದ್ರಾವತಿ
೧೨ ನವೆಂಬರ್ ೨೦೨೫

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೆ? ಬರೆಯುವುದು ತಡವಾಯಿತು, ಬೈಯಬೇಡ. ಮಗು ಮಲಗಿದಾಗ ಬರೆಯೋಣವೆಂದು ಕೂತರೆ ಪೆನ್ನು ಹಿಡಿದೇ ತೂಕಡಿಸುತ್ತೇನೆ. ಹೋಗಲಿ, ಮಲಗೋಣ ಅಂದರೆ ಅವಳು ಉಸಿರಾಡುತ್ತಿದ್ದಾಳೋ ಇಲ್ಲವೋ ಅಂತ ಮೂಗಿನ ಹತ್ತಿರ ಬೆರಳು ಹಿಡಿದು ಕೂರುತ್ತೇನೆ. ಫೋನು ಮಾಡಿದರೆ ಅಪ್ಪ ಎತ್ತಿ ಇಟ್ಟುಬಿಡುತ್ತಾರೆ. ಅದಕ್ಕೇ ಈ ಕಾಗದವನ್ನು ದಾಕ್ಷಾಯಣಿ ಆಂಟಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಶಂಕರಘಟ್ಟದ ಆ ಕ್ವಾರ್ಟರ್ಸಿನಲ್ಲಿ ನನ್ನ ಹೆಸರೆತ್ತಿದರೆ ಮುಖ ತಿರುಗಿಸದವರು ಅವರೊಬ್ಬರೇ.

ಮೊದಲು ಒಳ್ಳೆಯ ಸುದ್ದಿ. ನಮ್ಮ ಮನೆಯವರನ್ನು ವಾಪಸು ಕಳಿಸುವುದಿಲ್ಲ. ನಿನ್ನೆ ಶಿವಮೊಗ್ಗದಲ್ಲಿ ತೀರ್ಮಾನವಾಯಿತು.

ನಿನಗೆ ಗೊತ್ತಲ್ಲ, ಆಕಾಶದಾಚೆಯಿಂದ ಬಂದವರನ್ನು ಇಲ್ಲಿ ಎಲ್ಲರೂ ‘ಆಚೆಯವರು’ ಅನ್ನುತ್ತಾರೆ. ಅವರು ನಮ್ಮವರನ್ನು ಮದುವೆಯಾದರೆ ಮಾತ್ರ ಇಲ್ಲಿ ಉಳಿಯಬಹುದು. ಆ ಮದುವೆ ನಿಜವೋ ನಾಟಕವೋ ಅಂತ ವರ್ಷ ಕಳೆದ ಮೇಲೆ ಸರ್ಕಾರ ಕರೆಸಿ ಕೇಳುತ್ತದೆ. ನಮ್ಮದು ಶುರುವಾಗಿದ್ದು ನಾಟಕವಾಗಿಯೇ. ಆನಂದ್ ಕೈಬಿಟ್ಟು ಹೋದ ಮೇಲೆ, ಬಸುರಿ, ಒಂಟಿ ಹೆಣ್ಣು ಅಂತ ನನಗೆ ಯಾರೂ ಮನೆ ಬಾಡಿಗೆಗೆ ಕೊಡಲಿಲ್ಲ. ನನಗೊಂದು ಮನೆ ಬೇಕಿತ್ತು, ಅವರಿಗೆ ಇರಲು ಒಂದು ದೇಶ. ಅವರು ಕೆಲಸ ಮಾಡುವ ಗ್ಯಾರೇಜಿನ ಅಬ್ಬಾಸ್ ಅಲಿಯವರ ಹೆಂಡತಿ ಹಫೀಜಾ ಆಂಟಿಯೇ ನಮ್ಮಿಬ್ಬರನ್ನೂ ಕೂರಿಸಿ ಮಾತಾಡಿಸಿದ್ದು.

ಬಾಣಂತನದ ಬಗ್ಗೆ ನೀನು ಕೊರಗಬೇಡ, ಚೆನ್ನಾಗಿಯೇ ಆಯಿತು. ಹಗಲು ಹಫೀಜಾ ಆಂಟಿ ಬಂದು ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದರು. ಸಂಜೆ ಇವರು ಗ್ಯಾರೇಜಿನಿಂದ ಬಂದು, ಕೈಗಂಟಿದ ಗ್ರೀಸು ತೊಳೆದು, ನನಗೆ ಬೆಳ್ಳುಳ್ಳಿ ಹುರಿದು ಕೊಡುತ್ತಿದ್ದರು. ಆಚೆಯವರ ಅಂಗೈ ಯಾವಾಗಲೂ ಬಿಸಿ ಅಮ್ಮಾ. ಸೊಂಟದ ಮೇಲಿಟ್ಟರೆ ಇಟ್ಟಿಗೆ ಕಾಯಿಸಿ ಬಟ್ಟೆಯಲ್ಲಿ ಸುತ್ತಿಟ್ಟ ಹಾಗಿರುತ್ತದೆ.

ಇಷ್ಟು ದಿನ ನನ್ನ ನಿದ್ದೆಗೆಡಿಸಿದ್ದು ಮಗುವೊಂದೇ ಅಲ್ಲ. ಆಚೆಯವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಬೇರೆಯವರು ಹೇಳಿದ್ದು ಸುಳ್ಳಿರಬಹುದು ಅಂತಲೂ ಹೊಳೆಯುವುದಿಲ್ಲ. ಸೊಪ್ಪಿನವನು ಇವತ್ತೇ ಕಿತ್ತಿದ್ದು ಅಂದರೆ, ಬಾಡಿದ ಕಟ್ಟನ್ನೇ ಸಂತೋಷವಾಗಿ ತರುತ್ತಾರೆ. ಇಂಥವರನ್ನು ಅಧಿಕಾರಿಯ ಮುಂದೆ ಕೂರಿಸಿದರೆ ಏನು ಗತಿ?

ಅಧಿಕಾರಿಯ ಹೆಸರು ರವಿಶಂಕರ. ಮೊದಲು ನನ್ನೊಬ್ಬಳನ್ನೇ ಒಳಗೆ ಕರೆದರು. ಗಂಡ ಏನು ತಿನ್ನುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಲ್ಲ ಕೇಳಿ, ಕೊನೆಗೆ ಅವರನ್ನು ಏನಂತ ಕರೆಯುತ್ತೀರಿ ಅಂದರು. ಅವರ ನಿಜವಾದ ಹೆಸರು ಗಂಟಲಿಗೂ ಮೂಗಿಗೂ ನಡುವೆ ಎಲ್ಲೋ ಹುಟ್ಟುವ ಸದ್ದು, ನನ್ನ ನಾಲಿಗೆ ಹೊರಳುವುದಿಲ್ಲ. ಗಾಬರಿಯಲ್ಲಿ, ಏನೂ ಕರೆಯಲ್ಲ ಸರ್, ಅಂದುಬಿಟ್ಟೆ. ಅಧಿಕಾರಿ ಹುಬ್ಬೇರಿಸಿದರು. ಮುಗಿಯಿತು ಅಂದುಕೊಂಡೆ. ಆಮೇಲೆ ಇವರನ್ನೂ ಒಳಗೆ ಕರೆದು ನನ್ನ ಪಕ್ಕದಲ್ಲೇ ಕೂರಿಸಿದರು.

“ಇಲ್ಲಿ ಉಳಿಯೋಕೋಸ್ಕರ ಮದುವೆ ಆದ್ರಾ?”

“ಹೌದು.”

ನಾನು ಮಗುವನ್ನು ಅವುಚಿಕೊಂಡೆ.

“ನಾನು ಹೊಳೆಹೊನ್ನೂರಿನ ಎರಡೆಕರೆ ಗದ್ದೆಗೋಸ್ಕರ ಆದೆ,” ಅಂದರು ರವಿಶಂಕರ, ತಲೆಯೆತ್ತದೆ. “ಇರ್ಲಿ. ಮನೇಲಿ ನಿಮ್ಮನ್ನ ಏನಂತ ಕರೀತಾರೆ?”

“ರೀ.”

“ಏನಂದ್ರಿ?”

“ನನ್ನ ಹೆಸರು ರೀ. ಕೆಲವು ಸಲ ಏನ್ರೀ. ಮಗು ಅತ್ತಾಗ ಇಲ್ನೋಡ್ರೀ. ಪೂರ್ತಿ ಹೆಸರು ಎಷ್ಟುದ್ದ ಅಂತ ಇನ್ನೂ ತಿಳಿದಿಲ್ಲ.”

ರವಿಶಂಕರ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನಮ್ಮನೇಲಿ ನನ್ನ ಹೆಸರೂ ಅದೇ ಮಾರಾಯ. ಎಷ್ಟುದ್ದ ಅಂತ ನನಗೂ ತಿಳಿದಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, ಏನೂ ಕರೆಯಲ್ಲ ಅಂದ್ರಲ್ಲಮ್ಮ ಅಂತ ನಗುತ್ತಲೇ ಸೀಲು ಒತ್ತಿದರು.

ಬಸ್ಸಿನಲ್ಲಿ ಅಡ್ಡ ನಿಂತ ಅಪರಿಚಿತನಿಗೆ, ರೀ, ಸ್ವಲ್ಪ ಸರೀರಿ, ಅನ್ನುವುದಿಲ್ಲವೇ ಅಮ್ಮಾ, ನಾನು ಅವರನ್ನು ಮೊದಲ ದಿನ ಕರೆದದ್ದು ಆ ರೀ. ಅದು ಯಾವಾಗ ನೀನು ಅಪ್ಪನನ್ನು ಕರೆಯುವ ರೀ ಆಯಿತೋ ನನಗೂ ತಿಳಿಯಲಿಲ್ಲ.

ವಾಪಸು ಬರುವಾಗ ಅವರು ಸಪ್ಪಗಿದ್ದರು. ಕೆದಕಿ ಕೇಳಿದ ಮೇಲೆ ಹೇಳಿದರು. ಅವರ ಕಡೆ, ಜೊತೆಗೆ ಬದುಕುವವರು ಹೊಸ ಹೆಸರಿಡುತ್ತಾರಂತೆ. ನಾನು ಮೊದಲ ದಿನವೇ ಇಟ್ಟೆ ಅಂತ ಅವರು ಇಷ್ಟು ದಿನ ಹೆಮ್ಮೆಪಟ್ಟಿದ್ದರಂತೆ. ಈಗ ನೋಡಿದರೆ ಆ ಅಧಿಕಾರಿಗೂ ಅದೇ ಹೆಸರು. ಅದಕ್ಕೇ ರಸ್ತೆಯಲ್ಲಿ ಯಾರೇ ರೀ ಅಂದರೂ ಇವರು ತಿರುಗಿ ನೋಡುತ್ತಿದ್ದುದು!

“ಬೇರೆಯವರ ಮನೆ ವಿಷಯ ಬಿಡಿ,” ಅಂದೆ. “ಆ ಹೆಸರಲ್ಲಿ ನಾನು ಕರೆಯೋದು ನಿಮ್ಮೊಬ್ಬರನ್ನೇ ರೀ.”

ಅವರು ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡರು. ಬಸ್ಸು ಬಿದರೆ ದಾಟುವಾಗ ಹಿಂದಿನ ಸೀಟಿನ ಹೆಂಗಸು, ರೀ, ಕಿಟಕಿ ಹಾಕ್ರೀ, ಅಂದಳು. ಅವರು ತಿರುಗಲಿಲ್ಲ. ಕಿಟಕಿ ನಾನೇ ಹಾಕಿದೆ.

ಮನೆಗೆ ಬಂದವಳು ಮಲಗಿಬಿಟ್ಟೆ. ಮಗುವಿನ ಮೂಗಿನ ಹತ್ತಿರ ಬೆರಳನ್ನೂ ಹಿಡಿಯಲಿಲ್ಲ.

ಮಗುವಿಗೆ ನಿನ್ನ ಆಶೀರ್ವಾದವಿರಲಿ. ತಮ್ಮ ವಿಷ್ಣು ಚೆನ್ನಾಗಿ ಓದಲಿ, ಅವನಿಗೆ ಈ ಅಕ್ಕನ ಹಾರೈಕೆ. ಅಪ್ಪನಿಗೆ ನಮಸ್ಕಾರ, ನೀನು ತಿಳಿಸದಿದ್ದರೂ ಪರವಾಗಿಲ್ಲ.

ನಿನ್ನ
ಮಧು

ಮರೆತೆ: ಹೊರಡುವಾಗ ರವಿಶಂಕರ ಮಗುವಿನ ಕೆನ್ನೆ ಮುಟ್ಟಿ, ಬಾಣಂತನ ಚೆನ್ನಾಗಿ ಆಗಿದೆ, ತವರಿನವರು ಮಾಡಿದ್ರಾ ಅಂತ ಕೇಳಿದರು. “ಹೌದು ಸರ್, ನಮ್ಮಮ್ಮ ಮಾಡಿದ್ರು” ಅಂದೆ. ಆ ಕೋಣೆಯಲ್ಲಿ ಹುಟ್ಟಿದ ಸುಳ್ಳು ಅದೊಂದೇ. ಇವತ್ತು ಬೆಳಿಗ್ಗೆ ಇವರು ಕೇಳುತ್ತಿದ್ದಾರೆ: “ನಿಮ್ಮಮ್ಮ ನಾನು ಗ್ಯಾರೇಜಿಗೆ ಹೋದಾಗ ಬರ್ತಿದ್ರಾ? ನಾನು ಒಂದು ಸಲಾನೂ ನೋಡ್ಲಿಲ್ಲ. ಮುಂದಿನ ಸಲ ಸಂಜೆ ತನಕ ಇರೋಕೆ ಹೇಳಿ.” ಹೇಳ್ತೀನಿ ಅಂದಿದ್ದೇನೆ.