ಇವತ್ತು ಹುಳುವಿಗೆ ಎಷ್ಟನೇ ದಿನ

ಚಿಂತಾಮಣಿ
17-9-1989

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ವೆಂಕಟರವಣಪ್ಪನ ನಮಸ್ಕಾರ. ಈ ಕಾಗದವನ್ನು ನಿನಗೆ ಓದಿ ಹೇಳುವವನು ಚಲಪತಿಯೇ ಎಂದು ಗೊತ್ತು. ಚಲಪತಿ, ನಿನ್ನ ಸೋದರಮಾವ ಕೇಳಿಕೊಳ್ಳುತ್ತಿದ್ದೇನೆ, ಒಂದು ಸಾಲನ್ನೂ ಹಾರಿಸಬೇಡಪ್ಪ. ಅಮ್ಮನಿಗೆ ಕೇಳುವಂತೆ ಗಟ್ಟಿಯಾಗಿ ಓದು.

ಮೊನ್ನೆ ನಿಮ್ಮೂರ ಕೊಂಡಪ್ಪ ರೇಡಿಯೋ ರಿಪೇರಿಗೆಂದು ಅಂಗಡಿಗೆ ಬಂದಿದ್ದ. “ನಿಮ್ಮಕ್ಕ ಮಗನಿಗೆ ಇನ್ನೊಂದು ಹೆಣ್ಣು ನೋಡಕ್ಕೆ ಗೌರಿಬಿದನೂರಿಗೆ ಹೊರಟವ್ಳಂತಲ್ಲಪ್ಪ” ಎಂದ. ಅವನ ರೇಡಿಯೋ ಇನ್ನೂ ಬಿಚ್ಚಿದ ಹಾಗೇ ಬಿದ್ದಿದೆ. ಅಕ್ಕ, ಹೋಗಬೇಡ. ನಿನ್ನ ರೇಷ್ಮೆಹುಳು ಸತ್ತದ್ದು ಸೊಸೆ ಶ್ಯಾಮಲಳಿಂದಲ್ಲ. ನನ್ನಿಂದ.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಳೆಯ ಕಂಪ್ಯೂಟರ್ ತಂದು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಪ್ರೋಗ್ರಾಂ ಬರೆಯಲು ಕಲಿತೆ. “ಹೆಂಡ್ತಿಗಿಂತ ಆ ಡಬ್ಬಾನೇ ಹೆಚ್ಚಾಯ್ತೇನೋ ನಿಂಗೆ” ಎಂದು ನೀನು ನಗುತ್ತಿದ್ದೆ. ಆ ಡಬ್ಬವನ್ನೇ ಹೋದ ವರ್ಷ ನಿನ್ನ ಹುಳುಮನೆಯಲ್ಲಿ ಕೂರಿಸಿ, ಕೋಣೆಯ ಕಾವು ಇಳಿದರೆ ಗಂಟೆ ಹೊಡೆಯುವಂತೆ ಮಾಡಿದೆ. ಮರಿಹುಳುವಿಗೆ ಕಾವು ಹೆಚ್ಚು ಬೇಕು, ಬಲಿತ ಹುಳುವಿಗೆ ಕಡಿಮೆ ಸಾಕು. ಯಂತ್ರ ದಿನ ಎಣಿಸುತ್ತಾ ತಾನೇ ಕಾವಿನ ಮಟ್ಟ ಇಳಿಸಿಕೊಂಡು ಹೋಗುತ್ತಿತ್ತು. ಮೊದಲ ಬೆಳೆ ಎಷ್ಟು ಚೆನ್ನಾಗಿ ಬಂತು! ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನಿನ್ನ ಗೂಡು ನೋಡಲು ಜನ ನಿಂತಿದ್ದರು.

ಆದರೆ ಕರೆಂಟ್ ಹೋದರೆ ಯಂತ್ರ ಎಲ್ಲವನ್ನೂ ಮರೆಯುತ್ತದೆ. ಟೇಪ್‌ ರೆಕಾರ್ಡರಿಗೆ ಕ್ಯಾಸೆಟ್ ಹಾಕಿ ಅದಕ್ಕೆ ಮತ್ತೆ ಕಲಿಸಬೇಕು. ನಿಮ್ಮ ಮನೆಯಲ್ಲಿ ಆ ಕೆಲಸ ಕಲಿತವಳು ಶ್ಯಾಮಲ ಒಬ್ಬಳೇ. ಟೇಪಿನ ದನಿ ತುಸು ಏರಿದರೂ ಇಳಿದರೂ ಯಂತ್ರಕ್ಕೆ ತಿಳಿಯದು. ನಾನು ಅದರ ಜೊತೆ ಮೂರು ದಿನ ಗುದ್ದಾಡಿದ್ದೆ. ಅವಳು ಹಣೆಯ ಟಿಕ್ಲಿ ಕಿತ್ತು, ದನಿಯ ಗುಂಡಿ ನಿಲ್ಲಬೇಕಾದ ಜಾಗಕ್ಕೆ ಅಂಟಿಸಿ, “ಇಷ್ಟೇ ತಾನೇ ಮಾವ” ಎಂದಳು.

ಜನವರಿಯ ಆ ಬೆಳಿಗ್ಗೆ ನಿನಗೂ ನೆನಪಿದೆ. ಎರಡನೇ ಬೆಳೆ, ಹುಳುವಿಗೆ ಇಪ್ಪತ್ತೆರಡನೇ ದಿನ. ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದು ಸೊಪ್ಪು ಮುಕ್ಕುತ್ತಿದ್ದವು. ನೀನೂ ಚಲಪತಿಯೂ ಹಿಪ್ಪುನೇರಳೆ ತೋಟದಲ್ಲಿದ್ದಿರಿ. ಅವಳು ಹೊರಗಾಗಿ ಹಿತ್ತಿಲಲ್ಲಿ ಕೂತಿದ್ದಳು. ಕರೆಂಟ್ ಹೋಗಿ ಬಂತು. ಬೇರೆ ಯಾರೂ ಇಲ್ಲವೆಂದು ಕೈಕಾಲು ತೊಳೆದು ಒಳಗೆ ಹೋಗಿ ಕ್ಯಾಸೆಟ್ ಹಾಕಿ ಬಂದಳು. ಆಮೇಲೆ ಎರಡು ದಿನ ಗಂಟೆ ಹೊಡೆದೇ ಹೊಡೆಯಿತು. ಹೊಡೆದಾಗಲೆಲ್ಲ ಕಿಟಕಿ ಮುಚ್ಚಿ ಕುಂಪಟಿಗೆ ಕೆಂಡ ಹಾಕಿದ್ದು ನೀನೇ. “ಅತ್ತೆ, ಸೆಕೆ ಜಾಸ್ತಿ ಅನ್ಸುತ್ತೆ” ಎಂದು ಬಾಗಿಲಾಚೆಯಿಂದ ಅವಳು ಹೇಳಿದ್ದಕ್ಕೆ, “ನಿಮ್ಮ ಮಾವನಿಗಿಂತ ನಿಂಗೆ ಗೊತ್ತಾ?” ಎಂದೆಯಂತೆ. ಅದೂ ನಿನ್ನ ತಪ್ಪಲ್ಲ. ಕೈ ನಂಬಬೇಡಿ, ಗಂಟೆ ನಂಬಿ ಎಂದು ನಿಮಗೆಲ್ಲ ಹೇಳಿಕೊಟ್ಟವನು ನಾನು.

ಹುಳುಗಳು ಸೊಪ್ಪು ಬಿಟ್ಟವು. ಸಪ್ಪೆ ರೋಗ ಬಂದು ತಟ್ಟೆತಟ್ಟೆಯೇ ಕಪ್ಪಾಯಿತು. ಕ್ಯಾಸೆಟ್ ಯಾರು ಹಾಕಿದ್ದು ಎಂದು ನೀನು ಕೇಳಿದಾಗ ಅವಳು ನಿಜ ಹೇಳಿದಳು. ಪಕ್ಕದ ಮನೆ ಮಂಗಮ್ಮ, “ಆ ದಿನಗಳಲ್ಲಿ ಒಳಕ್ಕೆ ಹೋಗವ್ಳೆ, ಇನ್ನೇನಾಗ್ತದೆ” ಎಂದು ಕೈ ತಿರುವಿದಳು. “ಯಂತ್ರದಲ್ಲೇನಾದ್ರೂ ತಪ್ಪೈತೇನೋ?” ಎಂದು ಎಲ್ಲರೆದುರು ನೀನು ನನ್ನನ್ನು ಕೇಳಿದೆ. ಯಂತ್ರ ಸುಳ್ಳು ಹೇಳಲ್ಲಕ್ಕ ಎಂದೆ. ಅವತ್ತೇ ಅವಳನ್ನು ಮಂಚೇನಹಳ್ಳಿಯ ತವರಿಗೆ ಬಸ್ಸು ಹತ್ತಿಸಿದಿರಿ.

ತಪ್ಪು ಇದ್ದದ್ದು ನಾನು ಬರೆದ ಮೊದಲ ಸಾಲಿನಲ್ಲಿ. ಅಲ್ಲಿ ‘ದಿನ ಒಂದು’ ಎಂದು ಬರೆದಿದ್ದೆ. ನಡುವೆ ಕರೆಂಟ್ ಹೋಗಿ ಬಂದರೂ ಅದು ಒಂದರಿಂದಲೇ ಎಣಿಸುತ್ತದೆ. ನಿನ್ನ ಬಲಿತ ಹುಳುಗಳನ್ನು ನಿನ್ನೆ ಮೊಟ್ಟೆಯೊಡೆದ ಮರಿಗಳೆಂದುಕೊಂಡು ಕಾವು ಬೇಡುತ್ತಿತ್ತು. ಮೊದಲ ಬೆಳೆಯಲ್ಲಿ ಒಮ್ಮೆಯೂ ಕರೆಂಟ್ ಹೋಗಿರಲಿಲ್ಲ, ಹಾಗಾಗಿ ಗೊತ್ತಾಗಲಿಲ್ಲ. ಹೋದ ಶುಕ್ರವಾರ ಹಳೆಯ ಕಾಗದ ತಿರುವುವಾಗ ಈ ತಪ್ಪು ಕಣ್ಣಿಗೆ ಬಿತ್ತು.

ಮುಟ್ಟಿನ ವಿಷಯ ನೀನು ಏನು ಬೇಕಾದರೂ ನಂಬು, ನಾನು ವಾದ ಮಾಡುವುದಿಲ್ಲ. ಈ ಸಾವು ಅದರಿಂದ ಆದದ್ದಲ್ಲ, ಇಷ್ಟು ನಂಬು. ಮಂಚೇನಹಳ್ಳಿಗೆ ನೀನೂ ಚಲಪತಿಯೂ ಹೋಗಿ. ಯಾರ ಕೈಯಲ್ಲೂ ಹೇಳಿ ಕಳಿಸಬೇಡಿ. ಬರುವುದು ಬಿಡುವುದು ಅವಳ ಇಷ್ಟ. ನಾಡಿದ್ದು ನಾನೇ ನಿಮ್ಮೂರಿಗೆ ಬಂದು, ಮಂಗಮ್ಮನನ್ನೂ ಕರೆಸಿ, ಅದೇ ಅಂಗಳದಲ್ಲಿ ನಿಂತು ಇದನ್ನೆಲ್ಲ ಹೇಳುತ್ತೇನೆ.

ನೀನು ಎತ್ತಿ ಆಡಿಸಿದ ತಮ್ಮ,
ವೆಂಕಟರವಣಪ್ಪ

ವಿ.ಸೂ.: ಹೋದ ಶುಕ್ರವಾರ ಎಂದದ್ದು ಸುಳ್ಳು. ಹರಿದು ಬೇರೆ ಬರೆಯೋಣವೆಂದುಕೊಂಡೆ. ಬೇಡ, ಈ ಕಾಗದದಲ್ಲೂ ನಿನಗೆ ಸುಳ್ಳು ಹೇಳಲು ಹೋಗಿದ್ದೆನೆಂದು ನಿನಗೆ ಗೊತ್ತಿರಲಿ. ತವರಿಗೆ ಹೋದ ನಾಲ್ಕನೇ ದಿನವೇ ಶ್ಯಾಮಲ ಜೊತೆಗೆ ಒಯ್ದಿದ್ದ ಕ್ಯಾಸೆಟ್ಟನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ನನಗೆ ಕಳಿಸಿದ್ದಳು. ಅದರ ಡಬ್ಬಿಯಲ್ಲಿ ಒಂದು ಚೀಟಿ ಇತ್ತು. “ಮಾವ, ಯಂತ್ರ ಎದ್ದ ತಕ್ಷಣ ಇವತ್ತು ಹುಳುವಿಗೆ ಎಷ್ಟನೇ ದಿನ ಅಂತ ಕೇಳೋ ಹಾಗೆ ಮಾಡಿ. ಅದು ಒಂದನೇ ದಿನ ಅಂದ್ಕೊಂಡಿತ್ತು. ನಾನು ಹೇಳಿದ್ರೆ ಅತ್ತೆ ನಂಬಲ್ಲ. ನೀವು ಹೇಳಿ.” ಪ್ರೋಗ್ರಾಮನ್ನು ಅವತ್ತು ಸಂಜೆಯೇ ತಿದ್ದಿದೆ. ನಮ್ಮೂರ ಕದಿರಮ್ಮನ ಹುಳುಮನೆಯಲ್ಲಿ ಈಗ ಅದೇ ಓಡುತ್ತಿದೆ, ಜನ ನನ್ನನ್ನು ಇಂಜಿನಿಯರ್ ಎನ್ನುತ್ತಾರೆ. ನಿನಗೆ ಹೇಳುವುದೊಂದನ್ನು ಎಂಟು ತಿಂಗಳು ಮಾಡಲಿಲ್ಲ. ಚೀಟಿ ಇದರೊಳಗಿದೆ. ಚಲಪತಿ, ಆ ಅಕ್ಷರ ಯಾರದೆಂದು ನಿನಗೆ ಗೊತ್ತು. ಅದನ್ನೂ ಅಮ್ಮನಿಗೆ ಓದಿ ಹೇಳು.